ವಾರಿಜಕ್ಕನಿಗೆ ಹೇಳದೆ ನುಂಗಿದ ಮಾತು

ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಮರೆತದ್ದಲ್ಲ, ಗಡಿಬಿಡಿಯಲ್ಲಿ ತಪ್ಪಿಹೋದದ್ದಲ್ಲ. ಎದುರಿಗೆ ಕುಳಿತ ಹೆಂಗಸಿನ ಮನೆಯನ್ನು ಉಳಿಸಬಹುದಾಗಿದ್ದ ಒಂದು ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅದನ್ನು ಬೇಕೆಂದೇ ನುಂಗಿದೆ. ಅದರ ಜಾಗದಲ್ಲಿ ಸುಳ್ಳು ಹೇಳಿದೆ. ಹೇಳುವಾಗ ನನ್ನ ಧ್ವನಿ ನಡುಗಲಿಲ್ಲ. ಹೇಳಿ ಮುಗಿಸಿದ ಮೇಲೆ — ಇದನ್ನು ಬರೆಯಲಿಕ್ಕೇ ಇಷ್ಟು ಕಾಲ ಬೇಕಾಯಿತು — ನನಗೆ ಸಂತೋಷವಾಯಿತು.

ಆ ಹೆಂಗಸಿನ ಹೆಸರು ವಾರಿಜ. ಒಂದು ಕಾಲಕ್ಕೆ ನಾವು ಬಾಡಿಗೆಗಿದ್ದ ಮನೆಯ ಯಜಮಾನಿ. ನಾವೆಲ್ಲ ವಾರಿಜಕ್ಕ ಎನ್ನುತ್ತಿದ್ದೆವು. ಅವರು ನಮಗೆ ಮಾಡಿದ್ದನ್ನು ಮೊದಲು ಹೇಳುತ್ತೇನೆ. ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳಲಿಕ್ಕೆ ಅಲ್ಲ. ಅದನ್ನು ಬಿಟ್ಟು ಹೇಳಿದರೆ ನನ್ನ ಸಿಟ್ಟು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಆ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಅದೂ ಒಂದು ಸುಳ್ಳಾಗುತ್ತದೆ.

ಗುರುವಾಯನಕೆರೆ ಪೇಟೆ ದಾಟಿ, ಮೂಡುಬಿದಿರೆ ಕಡೆಗೆ ಹೋಗುವ ಬಸ್ಸಿನ ರಸ್ತೆಗೆ ತಾಗಿಕೊಂಡು ಅವರ ತಾರಸಿ ಮನೆ. ಗಂಡ ಮಸ್ಕತ್ತಿನಲ್ಲಿ ಹೋಟೆಲು ನಡೆಸುತ್ತಿದ್ದರು. ಮನೆಯ ಬಗಲಿಗೆ ಶೀಟು ಹಾಕಿದ ಲೈನ್ ಮನೆಗಳು. ಕೊನೆಯದರಲ್ಲಿ ನಾನು ಮತ್ತು ನನ್ನ ಗಂಡ ಲೋಕೇಶ. ನಮಗೆ ಮಕ್ಕಳಿಲ್ಲ. ಇವರು ಕೆಂಪುಕಲ್ಲಿನ ಕೋರೆಯಲ್ಲಿ ಲಾರಿಗೆ ಕಲ್ಲು ತುಂಬುವ ಕೆಲಸಕ್ಕೆ ಹೋಗುತ್ತಿದ್ದರು. ನಾನು ಬೀಡಿ ಕಟ್ಟುತ್ತಿದ್ದೆ. ಇಬ್ಬರ ದುಡಿಮೆಯಲ್ಲಿ ಬಾಡಿಗೆ ತಪ್ಪಿದ್ದೇ ಇಲ್ಲ — ಒಂದು ದಿನ ಪೇರಿಸಿಟ್ಟ ಕಲ್ಲಿನ ಸಾಲು ಜಾರಿ ಇವರ ಬೆನ್ನಿನ ಮೇಲೆ ಬೀಳುವವರೆಗೆ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಸೊಂಟದ ಕೆಳಗೆ ಇವರಿಗೆ ಬಲವಿರಲಿಲ್ಲ. ಮೂತ್ರಕ್ಕೆ ನಳಿಗೆ, ಮಂಚದ ಬದಿಯಲ್ಲಿ ತೂಗುವ ಚೀಲ. ಊರಿನ ಕಬಡ್ಡಿ ತಂಡದಲ್ಲಿ ಇವರ ಹೆಸರು ಕೂಗಿದರೆ ಜನ ಎದ್ದು ನಿಲ್ಲುತ್ತಿದ್ದ ಕಾಲವೊಂದಿತ್ತು. ಅಂಥವರು ಈಗ ಮಗ್ಗುಲಾಗಲಿಕ್ಕೆ ನನ್ನನ್ನು ಕರೆಯಬೇಕಿತ್ತು. ಬಾಡಿಗೆ ನಿಂತಿತು. ಸುರುವಿನಲ್ಲಿ ವಾರಿಜಕ್ಕ ಗಂಜಿಗೆಂದು ಅಕ್ಕಿ ಕೊಟ್ಟರು — ಅದನ್ನೂ ಬರೆಯಬೇಕು, ಕೊಟ್ಟದ್ದು ಹೌದು. ಆಮೇಲೆ ಕೇಳಲಿಕ್ಕೆ ಬಂದರು. ಆಮೇಲೆ ಬೈಯಲಿಕ್ಕೆ. ಆಮೇಲೆ ನಮ್ಮ ಮನೆಯ ಕರೆಂಟು ತೆಗೆಸಿದರು. ನಾನು ಕೈಮುಗಿದೆ. ಸ್ವಲ್ಪ ಸಮಯ ಕೊಡಿ ಅಕ್ಕ, ನಾನು ಎಲ್ಲಿಯಾದರೂ ಮನೆಗೆಲಸ ಹಿಡಿಯುತ್ತೇನೆ ಎಂದೆ. ಅವರು ತಿರುಗಿ ತಮ್ಮ ಮನೆಯೊಳಗೆ ಹೋದರು.

ಅದು ಮೇ ತಿಂಗಳ ಬಿಸಿಲು. ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಟ್ಟು ಬರುತ್ತಿದ್ದೆ. ದೂರದಿಂದಲೇ ರಸ್ತೆಯ ಬದಿಯಲ್ಲಿ ಒಂದು ಮಂಚ ಕಂಡಿತು. ಯಾರದ್ದೋ ಸಾಮಾನು ಸಾಗಿಸುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಬಂದ ಹಾಗೆ ಮಂಚದ ಮೇಲೆ ಒಬ್ಬ ಮನುಷ್ಯ ಇದ್ದಾನೆಂದು ತಿಳಿಯಿತು. ಇನ್ನೂ ಹತ್ತಿರ ಬಂದೆ — ಚೀಲ ಕಂಡಿತು.

ತೆಂಗಿನಕಾಯಿ ಕೀಳುವ ಇಬ್ಬರನ್ನು ಕರೆಸಿ, ಮಂಚ ಸಮೇತ ನನ್ನ ಗಂಡನನ್ನು ಎತ್ತಿಸಿ ರಸ್ತೆಗೆ ಹಾಕಿಸಿದ್ದರು. ಸುತ್ತಲೂ ನಮ್ಮ ಪಾತ್ರೆ, ಚಾಪೆ, ನನ್ನ ಬಟ್ಟೆ. ಇವರು ಬೈರಾಸು ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ್ದರು. ಬಿಸಿಲಿಗಲ್ಲ. ಬಸ್ಸೊಂದು ನಿಧಾನ ಮಾಡಿತು. ಕಿಟಕಿಯಲ್ಲಿ ತಲೆಗಳು ಸಾಲಾಗಿ ಇಣುಕಿದವು. ಆ ತಲೆಗಳಲ್ಲಿ ಇವರ ಜತೆ ಕೆಲಸ ಮಾಡಿದವರೂ ಇದ್ದರು.

ವಾರಿಜಕ್ಕ ಗೇಟಿನೊಳಗೆ ನಿಂತಿದ್ದರು. ನಾನು ಓಡಿಹೋಗಿ, "ನಮ್ಮ ಮರ್ಯಾದೆ ತೆಗೆದಿರಲ್ಲ ಅಕ್ಕ" ಎಂದೆ. ಅವರು ಹೇಳಿದರು: "ಬಾಡಿಗೆ ಕೊಡ್ಲಿಕ್ಕೆ ಗತಿ ಇಲ್ಲದವರಿಗೆ ಮರ್ಯಾದೆ ಎಂತಕ್ಕೆ ಮಾರಾಯ್ತಿ?"

ಆ ಮಾತು ನನ್ನೊಳಗೆ ಹೋಗಿ ಕುಳಿತಿತು. ಆ ಗಳಿಗೆಯಿಂದ ನನ್ನ ಮನಸ್ಸಿನಲ್ಲಿ ವಾರಿಜಕ್ಕ 'ಅವಳು' ಆದಳು. ಬಾಯಿಯಲ್ಲಿ ಅಕ್ಕ ಎಂದೆ, ಒಳಗೆ ಬೇರೆ ಹೆಸರುಗಳಿಂದ ಕರೆದೆ. ಒಂದು ದಿನ ನೀನೂ ಹೀಗೇ ನಿಲ್ಲಬೇಕು, ನಿಂತು ನನ್ನನ್ನು ನೋಡಬೇಕು — ಬೇಡಿಕೊಂಡದ್ದು ದೇವರನ್ನೋ ಊರಿನ ದೈವವನ್ನೋ ಗೊತ್ತಿಲ್ಲ, ಬೇಡಿಕೊಂಡದ್ದು ಮಾತ್ರ ನಿಜ.

ಯಾರಲ್ಲಿ ಹೋಗುವುದು? ಪಂಚಾಯತಿನ ಒಬ್ಬರಿಗೆ ಫೋನ್ ಮಾಡಿದೆ. "ಬಾಕಿ ನಿಮ್ಮದೇ ಅಲ್ವಾ, ನಾವು ಎಂತ ಹೇಳ್ಲಿಕ್ಕೆ ಬರ್ತದೆ?" ಎಂದರು. ವಾಮದಪದವಿನಲ್ಲಿರುವ ಭಾವನಿಗೆ ಮಾಡಿದೆ, ತೆಗೆಯಲಿಲ್ಲ. ಲೈನ್ ಮನೆಯವರು ಬಾಗಿಲು ಮುಚ್ಚಿಕೊಂಡಿದ್ದರು — ಅವರೂ ಬಾಡಿಗೆಯವರೇ ಅಲ್ಲವೇ. ನಾನು ಸೀರೆಯೊಂದನ್ನು ಬೇಲಿಗೂ ಮಂಚದ ಕಾಲಿಗೂ ಕಟ್ಟಿ ನೆರಳು ಮಾಡಿದೆ. ಆ ದಾರಿಯಲ್ಲಿ ಬಂದ ಅಂಗನವಾಡಿ ಟೀಚರು ನಿಂತು ನೋಡಿ, "ಬೆಳ್ತಂಗಡಿ ಕೋರ್ಟಿನಲ್ಲಿ ಹೆಂಗಸರಿಗೆ ದುಡ್ಡಿಲ್ಲದೆ ವಕೀಲರು ಸಿಗ್ತಾರೆ, ನಿನಗೆ ಗೊತ್ತಿಲ್ವಾ? ನೀನು ಹೋಗು, ಲೋಕೇಶಣ್ಣನ ಹತ್ತಿರ ನಾನು ಕೂತ್ಕೊಳ್ತೇನೆ" ಎಂದರು. ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ.

ಕೋರ್ಟಿನಲ್ಲಿ ಸಿಕ್ಕಿದ ವಕೀಲರು ಲವೀನಾ ಮೇಡಂ. ಊಟದ ಡಬ್ಬಿ ಬಿಚ್ಚಿ ಕುಳಿತಿದ್ದರು. ನಾನು ಅಳುತ್ತಾ ಬಾಕಿಯ ಲೆಕ್ಕ ಹೇಳತೊಡಗಿದೆ. ಅವರು ತಡೆದು, "ಲೆಕ್ಕ ಆಮೇಲೆ. ಅವರು ಈಗ ಎಲ್ಲಿದ್ದಾರೆ, ಬಿಸಿಲಲ್ಲೇ?" ಎಂದು ಕೇಳಿದರು. ಹೌದೆಂದೆ. ಡಬ್ಬಿ ಮುಚ್ಚಿ, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ವಾರಿಜಕ್ಕನ ಗೇಟಿನ ಎದುರು ನಿಂತು ಅವರು ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಸಾಮಾನ್ಯ ಧ್ವನಿಯಲ್ಲಿ ಹೇಳಿದರು: "ಬಾಕಿ ಇರುವುದು ಬೇರೆ, ಹೊರಗೆ ಹಾಕುವುದು ಬೇರೆ. ಬಾಕಿಯ ವಿಷಯ ಮಾತಾಡುವ. ಆದರೆ ಕೋರ್ಟಿನ ಆದೇಶ ಇಲ್ಲದೆ ಇವರನ್ನು ಎಬ್ಬಿಸ್ಲಿಕ್ಕೆ ನಿಮಗೆ ಹಕ್ಕಿಲ್ಲ. ಸಂಜೆಯೊಳಗೆ ಸಾಮಾನು ಒಳಗೆ ಹೋಗದಿದ್ದರೆ ನಾನೇ ನಾಳೆ ಅರ್ಜಿ ಹಾಕ್ತೇನೆ."

ಅಷ್ಟೇ ಮಾತು. ಮಂಚ ಒಳಗೆ ಹೋಯಿತು. ಅದೇ ಇಬ್ಬರು ಎತ್ತಿ ಒಳಗಿಟ್ಟರು. ಕರೆಂಟೂ ಬಂತು. ಬಾಕಿಯನ್ನು ಕಂತಿನಲ್ಲಿ ಕೊಡುವುದೆಂದಾಯಿತು. ಕೊಟ್ಟು ತೀರಿಸಿ, ಬೇರೆ ಕಡೆ ಮನೆ ನೋಡಿಕೊಂಡು ನಾವಾಗಿ ಹೊರಬಂದೆವು.

ಬೆಳ್ತಂಗಡಿಯ ಹತ್ತಿರ ಹೊಸ ಮನೆ. ಇವರು ಮಂಚದಿಂದ ಗಾಲಿಕುರ್ಚಿಗೆ ಬಂದರು, ಪ್ಲಾಸ್ಟಿಕ್ ವಯರಿನಲ್ಲಿ ಕುರ್ಚಿ ಹೆಣೆಯಲಿಕ್ಕೆ ಕಲಿತರು. ಆದರೆ ಜಗಲಿಯಲ್ಲಿ ಒಂದು ದಿನವೂ ಕೂರಲಿಲ್ಲ. ಗಾಳಿ ಬರುತ್ತದೆ ಬನ್ನಿ ಎಂದರೆ, "ರಸ್ತೆ ಕಾಣ್ತದೆ" ಎನ್ನುತ್ತಿದ್ದರು. ಅವರು ಹಾಗೆನ್ನುವಾಗಲೆಲ್ಲ ನಾನು ವಾರಿಜಕ್ಕನನ್ನು ಮತ್ತೊಮ್ಮೆ ಶಪಿಸುತ್ತಿದ್ದೆ.

ಲವೀನಾ ಮೇಡಂ ನನ್ನನ್ನು ಬಿಡಲಿಲ್ಲ. "ನಿನ್ನ ಹಾಗೆ ಗೊತ್ತಿಲ್ಲದವರು ತುಂಬ ಜನ ಇದ್ದಾರೆ ಸುಮಿತ್ರಾ, ಅವರಿಗೆ ನೀನು ಹೇಳಿದರೆ ನಾನು ಹೇಳಿದ್ದಕ್ಕಿಂತ ಬೇಗ ಅರ್ಥ ಆಗ್ತದೆ" ಎಂದು ತರಬೇತಿಗೆ ಕಳುಹಿಸಿದರು. ಕುತ್ತಿಗೆಗೆ ಕಾರ್ಡು ಬಂತು — ಕಾನೂನು ಸ್ವಯಂಸೇವಕಿ. ಪ್ರತಿ ಮಂಗಳವಾರ ಮೇಡಂ ಕೋಣೆಯ ಹೊರಗೆ ನನಗೊಂದು ಮೇಜು. ಮನೆಯಿಂದ ಹೊರಗೆ ಹಾಕುತ್ತಾರೆಂದು ಅಳುತ್ತಾ ಬಂದ ಎಷ್ಟೋ ಹೆಂಗಸರಿಗೆ ಮೇಡಂ ಅಂದು ಹೇಳಿದ್ದನ್ನೇ ಹೇಳಿದೆ. ಹೇಳುತ್ತಿದ್ದ ಹಾಗೆ ಅವರ ಮುಖಕ್ಕೆ ಜೀವ ಬರುವುದನ್ನು ನೋಡುತ್ತಿದ್ದೆ. ಆ ಮಾತಿನ ಬಲ ಎಷ್ಟೆಂದು ನನಗಿಂತ ಚೆನ್ನಾಗಿ ತಿಳಿದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಅದಕ್ಕೇ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಕೆಲವು ವರ್ಷಗಳ ಮೇಲೆ ಸುದ್ದಿ ಬಂತು. ಮಸ್ಕತ್ತಿನ ಹೋಟೆಲು ಮುಳುಗಿತು. ವಾರಿಜಕ್ಕನ ಗಂಡ ಸಾಲಕ್ಕೆ ಸಿಕ್ಕಿಬಿದ್ದು ಊರಿಗೆ ಬರಲಾಗದ ಹಾಗಾಯಿತು. ಗುರುವಾಯನಕೆರೆಯ ಮನೆ ಬ್ಯಾಂಕಿಗೆ ಹೋಯಿತು. ಆ ದಿನ ನಾನು ಮೀನಿನ ಅಂಗಡಿಗೆ ಹೋಗಿ ಅಂಜಲ್ ತಂದೆ. ನಮ್ಮ ಮನೆಗೆ ಅಂಜಲ್ ಬರುವುದು ಅಪರೂಪ. ಇವರು ತಟ್ಟೆ ನೋಡಿ, "ಇವತ್ತು ಎಂಥದು ವಿಶೇಷ?" ಎಂದರು. ಹೇಳಿದೆ. ಇವರು ಇನ್ನೊಂದು ತುಂಡು ಹಾಕಿಸಿಕೊಂಡರು.

ಅದಾಗಿ ಮತ್ತೊಂದು ಬೇಸಗೆಗೆ ಅವಳು ನನ್ನ ಮೇಜಿನ ಎದುರು ಬಂದು ನಿಂತಳು.

ಮೊದಲು ಗುರುತೇ ಸಿಗಲಿಲ್ಲ. ಮೈಮೇಲೆ ಚಿನ್ನವಿರಲಿಲ್ಲ, ಬರಿಯ ಕರಿಮಣಿ. ಬೆರಳ ಸಂದಿಯಲ್ಲಿ ಅರಸಿನದ ಕಲೆ, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅವಳೇ ಗುರುತು ಹಿಡಿದು ತುಳುವಿನಲ್ಲಿ, "ಸುಮಿತ್ರಾ... ನೀನಾ?" ಎಂದಳು. ಮುಖದಲ್ಲಿ ನಾಚಿಕೆ ಬಂತು, ಹಿಂದೆಯೇ ಒಂದು ಸಮಾಧಾನವೂ ಬಂತು — ಪರಿಚಯದವಳೇ ಇದ್ದಾಳಲ್ಲ ಎಂಬಂತೆ. ನಾವಿಬ್ಬರೂ ಹುಟ್ಟಿದಂದಿನಿಂದ ಆಡಿದ್ದು ತುಳು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. "ಕುಳಿತುಕೊಳ್ಳಿ. ಏನು ವಿಷಯ?"

ಅವಳ ಕೈ ಕುರ್ಚಿಯ ಬೆನ್ನಿನ ಮೇಲೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಕುಳಿತು, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಅವಳೂ ಕನ್ನಡದಲ್ಲೇ ಹೇಳಿದಳು. ಉಜಿರೆಯಲ್ಲಿ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ಕಾಲೇಜಿನ ಮಕ್ಕಳಿಗೆ ಮೆಸ್ ನಡೆಸುತ್ತಿದ್ದಾಳೆ. ಅಡಿಗೆ ಅವಳದ್ದೇ. "ಮಕ್ಕಳು ಚೆನ್ನಾಗಿ ಬರ್ತಿದ್ರು. ಈಗ ರಜೆ, ಯಾರೂ ಇಲ್ಲ. ಬಾಡಿಗೆ ಬಾಕಿ ಆಯ್ತು. ಧಣಿಗೆ ಆ ಮನೆಯನ್ನು ಪಿ.ಜಿ. ಮಾಡ್ಲಿಕ್ಕೆ ಉಂಟಂತೆ. ನಾಡಿದ್ದು ಖಾಲಿ ಮಾಡದಿದ್ರೆ ಪಾತ್ರೆ ಎಲ್ಲ ರಸ್ತೆಗೆ..."

ಅಲ್ಲಿ ನಿಂತಳು. 'ರಸ್ತೆಗೆ' ಎಂಬ ಮಾತು ಅವಳ ಬಾಯಿಂದಲೇ ಬಂದಿತ್ತು, ಅದು ಅವಳಿಗೂ ಕೇಳಿಸಿತ್ತು. ನನ್ನ ಮುಖ ನೋಡಿದಳು. "ಸುಮಿತ್ರಾ, ಅವತ್ತು ನಾನು —"

"ಈಗಿನ ವಿಷಯ ಹೇಳಿ" ಎಂದೆ.

ಅವಳು ತಲೆ ತಗ್ಗಿಸಿದಳು. "ಕಾಲೇಜು ಸುರು ಆಗುವವರೆಗೆ ಟೈಮ್ ಸಿಕ್ಕಿದ್ರೆ ಸಾಕು. ಮಕ್ಕಳು ಬಂದ ಕೂಡ್ಲೆ ಬಾಕಿ ಕೊಡ್ತೇನೆ. ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?"

ನನ್ನ ಬೆನ್ನ ಹಿಂದಿನ ಕೋಣೆಯಲ್ಲಿ ಲವೀನಾ ಮೇಡಂ ಇದ್ದರು. ನಡುವೆ ಇದ್ದದ್ದು ಒಂದು ಪರದೆ. ಎದ್ದು, ಮೇಡಂ ಒಬ್ಬರು ಬಂದಿದ್ದಾರೆ ಎಂದರೆ ಮುಗಿಯುತ್ತಿತ್ತು. ಮೇಡಂ ಆ ಧಣಿಗೆ ಒಂದು ಫೋನ್ ಮಾಡುತ್ತಿದ್ದರು, ಅವಳಿಗೆ ಸಮಯ ಸಿಗುತ್ತಿತ್ತು. ಇದೆಲ್ಲ ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದದ್ದರಲ್ಲೇ ಒಂದು ರುಚಿ ಇತ್ತು. ಅವಳ ಮನೆ ನನ್ನ ಬಾಯಲ್ಲಿದೆ — ತೆರೆದರೆ ಉಳಿಯುತ್ತದೆ, ಮುಚ್ಚಿದರೆ ಹೋಗುತ್ತದೆ.

"ಏನೂ ಮಾಡ್ಲಿಕ್ಕೆ ಬರುವುದಿಲ್ಲ" ಎಂದೆ. "ಬಾಕಿ ಇದ್ದರೆ ಕಾನೂನು ನಿಮ್ಮ ಕಡೆ ಇಲ್ಲ. ಮರ್ಯಾದೆಯಲ್ಲಿ ನೀವೇ ಖಾಲಿ ಮಾಡುವುದು ಒಳ್ಳೆಯದು."

ಮರ್ಯಾದೆ ಎಂಬ ಪದವನ್ನು ಆರಿಸಿಯೇ ಹಾಕಿದ್ದೆ.

"ಕೋರ್ಟಿಗೆ ಹೋದ್ರೆ?"

"ಹೋದರೆ ಅವರ ವಕೀಲರ ಖರ್ಚೂ ನಿಮ್ಮ ತಲೆಗೇ ಬರ್ತದೆ."

ಒಂದು ಸುಳ್ಳು ಸಾಲದೆಂದು ಎರಡನೆಯದು. ಅವಳು ಎದ್ದಳು. "ಉಪಕಾರ ಆಯ್ತು" ಎಂದು ಕೈಮುಗಿದು ಹೋದಳು. ಅವಳು ಮೆಟ್ಟಿಲು ಇಳಿಯುವುದನ್ನು ಕಿಟಕಿಯಿಂದ ನೋಡಿದೆ. ಇನ್ನೂ ನೋಡಬೇಕೆನಿಸಿತು. ಅವಳು ಮರೆಯಾದದ್ದು ಬೇಗವಾಯಿತು ಎನಿಸಿತು.

ಅಂದು ಸಂಜೆ ಇವರಿಗೆ ಹೇಳಿದೆ. ಹೆಣೆಯುತ್ತಿದ್ದ ವಯರನ್ನು ಕೆಳಗಿಟ್ಟು ಕೇಳಿದರು. ನಾನು ಮುಗಿಸಿದ ಮೇಲೆ, "ಇನ್ನೊಮ್ಮೆ ಹೇಳು" ಎಂದರು. ಹೇಳಿದೆ. "ಮರ್ಯಾದೆಯಲ್ಲಿ ಅಂತ ಹೇಳಿದಿಯಾ? ಆಗ ಅವರ ಮುಖ ಹೇಗಾಯ್ತು?" ಮುಖ ಮಾಡಿ ತೋರಿಸಿದೆ. ಇವರು ನಕ್ಕರು. ಬೆನ್ನು ಮುರಿದ ಮೇಲೆ ಇವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನೂ ನಕ್ಕೆ. ನಮ್ಮಿಬ್ಬರ ಸಂಸಾರದಲ್ಲಿ ಅಷ್ಟು ಸುಖದ ಸಂಜೆ ಹೆಚ್ಚೇನೂ ಬಂದಿರಲಿಲ್ಲ. ಆಮೇಲೆ ಎಷ್ಟೋ ಸಲ, ಮನಸ್ಸು ಭಾರವಾದಾಗಲೆಲ್ಲ, ಇವರು ಕೇಳುತ್ತಿದ್ದರು — ಅದನ್ನು ಹೇಳು ಸುಮಿತ್ರಾ. ನಾನು ಹೇಳುತ್ತಿದ್ದೆ. ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಲೂ ಇದ್ದೆ. ಅವಳು ಅತ್ತಳು ಎಂದೆ, ಅವಳು ಅತ್ತಿರಲಿಲ್ಲ.

ಕಾಲೇಜು ಸುರುವಾದ ವಾರ ನಾನು ಉಜಿರೆಗೆ ಹೋದೆ. ಕೆಲಸವೇನೂ ಇರಲಿಲ್ಲ. ನೋಡಲಿಕ್ಕೆಂದೇ ಹೋದೆ. ಆ ಮನೆಯ ಗೋಡೆಗೆ ಹೊಸ ಬಣ್ಣ ಹೊಡೆಯುತ್ತಿದ್ದರು. ಬ್ಯಾಗು ಹೆಗಲಿಗೇರಿಸಿದ ಹುಡುಗಿಯರು ನಾಲ್ಕೈದು ಮಂದಿ ಗೇಟಿನ ಹತ್ತಿರ ನಿಂತು, "ಮೆಸ್ ಆಂಟಿ ಎಲ್ಲಿ ಹೋದ್ರು?" ಎಂದು ಪೇಂಟಿನವನನ್ನು ಕೇಳುತ್ತಿದ್ದರು. ಅವನಿಗೆ ಗೊತ್ತಿರಲಿಲ್ಲ. ಇನ್ನೊಂದೇ ವಾರ ಅವಳು ಅಲ್ಲಿ ಉಳಿದಿದ್ದರೆ — ಒಂದೇ ವಾರ — ಆ ಹುಡುಗಿಯರು ಒಳಗೆ ಊಟಕ್ಕೆ ಕುಳಿತಿರುತ್ತಿದ್ದರು. ಎದುರಿನ ಅಂಗಡಿಯಲ್ಲಿ ಒಂದು ಸೋಡಾ ಕುಡಿದು, ಧರ್ಮಸ್ಥಳದಿಂದ ಬಂದ ಬಸ್ಸು ಹತ್ತಿ ಮನೆಗೆ ಬಂದೆ. ಪಶ್ಚಾತ್ತಾಪ ಬಂತೇ ಎಂದು ನೀವು ಕೇಳಿದರೆ — ಬರಲಿಲ್ಲ. ಇವರಿಗೆ ಹೇಳಲಿಕ್ಕೆ ಇನ್ನೊಂದು ಭಾಗ ಸಿಕ್ಕಿತು ಎಂದುಕೊಂಡೆ.

ಪಶ್ಚಾತ್ತಾಪ ಬಂದದ್ದು ಬಹಳ ತಡವಾಗಿ, ನಾನು ಕಾಯದಿದ್ದ ಕಡೆಯಿಂದ.

ಮೂಡುಬಿದಿರೆಯಲ್ಲಿ ಹೆಂಗಸರಿಗೆ ಕಾನೂನಿನ ಮಾಹಿತಿ ಕೊಡುವ ಒಂದು ಸಭೆ. ಲವೀನಾ ಮೇಡಂ ಬದಲಿಗೆ ನಾನು ಮಾತಾಡಿದೆ. ಬಾಡಿಗೆಯವರನ್ನು ಕೋರ್ಟಿನ ಆದೇಶವಿಲ್ಲದೆ ಎಬ್ಬಿಸುವ ಹಾಗಿಲ್ಲ ಎಂದು ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಇಪ್ಪತ್ತೈದರ ಒಳಗಿನ ಹುಡುಗಿ. ಹೆಸರು ಶಾಂತಿ.

"ಅದು ಸುಳ್ಳಲ್ವಾ ಅಕ್ಕ?" ಎಂದಳು. ಜಗಳದ ಧ್ವನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಧ್ವನಿ. "ನನ್ನನ್ನೂ ರೂಮಿಂದ ಹೋಗ್ಲಿಕ್ಕೆ ಹೇಳಿದ್ರು. ನಾನು ಮದುವೆ ಹಾಲ್‌ನ ಅಡಿಗೆಗೆ ಹೋಗುವುದು. ಅಲ್ಲಿಯ ದೊಡ್ಡಕ್ಕನ ಹತ್ತಿರ ಕೇಳಿದೆ. ಬಾಕಿ ಇದ್ರೆ ಎಂತದೂ ಮಾಡ್ಲಿಕ್ಕೆ ಬರುವುದಿಲ್ಲ, ನನಗೆ ಬೆಳ್ತಂಗಡಿಯಲ್ಲಿ ಕಾನೂನಿನವರೇ ಹೇಳಿದ್ದು, ಸುಮ್ಮನೆ ಬಿಟ್ಟು ಹೋಗು ಅಂತ ಹೇಳಿದ್ರು. ನಾನು ಬಿಟ್ಟೆ. ಮಗುವನ್ನು ಬಂಟ್ವಾಳದಲ್ಲಿ ಅಮ್ಮನ ಹತ್ತಿರ ಇಟ್ಟಿದ್ದೇನೆ. ನಾನು ಹಾಲ್‌ನ ಹಿಂದೆಯೇ ಮಲಗುವುದು." ಸ್ವಲ್ಪ ತಡೆದು, "ಮಗು ಈಗ ನನ್ನ ಹತ್ತಿರ ಬರುವುದಿಲ್ಲ ಅಕ್ಕ, ಅಳ್ತದೆ" ಎಂದಳು.

ನಾನು ಮೈಕು ಹಿಡಿದುಕೊಂಡು ನಿಂತಿದ್ದೆ. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. "ದೊಡ್ಡಕ್ಕನ ಹೆಸರೇನು?" ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಸಭೆ ಮುಗಿಸಿ ನೇರ ಆ ಮದುವೆ ಹಾಲ್‌ಗೆ ನಡೆದೆ. ಮರುದಿನ ಮದುವೆ ಇತ್ತು. ಹಿಂದಿನ ಅಡಿಗೆಮನೆಯಲ್ಲಿ ಹೆಂಗಸರು ನೆಲದಲ್ಲಿ ಕುಳಿತು ಬೂದುಗುಂಬಳ ಹೆಚ್ಚುತ್ತಿದ್ದರು. ವಾರಿಜಕ್ಕ ನನ್ನನ್ನು ಕಂಡು ಮುಖ ಅರಳಿಸಿದರು — ಹೌದು, ಅರಳಿಸಿದರು. "ಬಲೆ, ಕುಲ್ಲುಲೆ" — ಬನ್ನಿ, ಕೂತುಕೊಳ್ಳಿ — ಎಂದು ತುಳುವಿನಲ್ಲಿ ಬಹುವಚನ ಹಚ್ಚಿ ಕರೆದು ಮಣೆ ಸರಿಸಿಕೊಟ್ಟರು. ಉಳಿದವರಿಗೆ ಹೇಳಿದರು: "ನಾನು ಹೇಳ್ತಿದ್ದೆನಲ್ಲ, ಕೋರ್ಟಿನ ಸುಮಿತ್ರಾ ಅಂತ, ಇವರೇ. ಬೇರೆ ಯಾರಾದ್ರೂ ಆಗಿದ್ರೆ ಆಸೆ ಹುಟ್ಟಿಸಿ ನನ್ನ ದುಡ್ಡು ತಿಂತಿದ್ರು. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರು. ನಾನು ಇವರಿಗೆ ಮಾಡಿದ್ದಕ್ಕೆ ಇವರು ಹಾಗೆ ಹೇಳ್ಬೇಕು ಅಂತ ಏನಿರ್ಲಿಲ್ಲ."

ನನ್ನ ಸುಳ್ಳನ್ನು ಅವರು ಇಷ್ಟು ಕಾಲ ಒಂದು ಉಪಕಾರದ ಹಾಗೆ ಕಾಪಾಡಿಕೊಂಡಿದ್ದರು. ಕಷ್ಟದಲ್ಲಿದ್ದ ಇನ್ನೊಬ್ಬಳಿಗೆ ಅದನ್ನೇ ಪ್ರೀತಿಯಿಂದ ಕೊಟ್ಟಿದ್ದರು.

"ಸ್ವಲ್ಪ ಹೊರಗೆ ಬನ್ನಿ ವಾರಿಜಕ್ಕ" ಎಂದೆ. ಪಾತ್ರೆ ತೊಳೆಯುವ ನಳ್ಳಿಯ ಹತ್ತಿರ ನಿಂತೆವು. ಸಭೆಯಲ್ಲಿ ಶಾಂತಿ ಕೇಳಿದ್ದನ್ನು ತಿಳಿಸಿ, ತುಳುವಿನಲ್ಲೇ ಹೇಳಿದೆ, ಆ ದಿನ ನಾನು ಹೇಳಿದ್ದು ಸುಳ್ಳು, ನಿಮಗೆ ಸಮಯ ಸಿಗುತ್ತಿತ್ತು, ಮೆಸ್ ಉಳಿಯುತ್ತಿತ್ತು ಎಂದು.

ಅವರಿಗೆ ಅರ್ಥವಾಗಲಿಲ್ಲ. "ನಿನಗೆ ಅವತ್ತು ಸರಿ ಗೊತ್ತಿರ್ಲಿಲ್ವಾ?" ಎಂದರು. ಹಾಗೆ ಇರಲಿ ಎಂದು ಬೇಡುವ ಹಾಗಿತ್ತು ಆ ಪ್ರಶ್ನೆ. ಗೊತ್ತಿರಲಿಲ್ಲ ಎಂದುಬಿಟ್ಟರೆ ಇಬ್ಬರಿಗೂ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪು ಎಲ್ಲರಿಗೂ ಆಗುತ್ತದೆ ಎಂದು ಅವರು ನನಗೆ ಚಾ ಕೊಟ್ಟು ಕಳುಹಿಸುತ್ತಿದ್ದರು.

"ಗೊತ್ತಿತ್ತು" ಎಂದೆ.

ಅವರು ನಳ್ಳಿ ತಿರುಗಿಸಿ ಕೈ ತೊಳೆದರು. ಸೆರಗಿನಲ್ಲಿ ಒಂದೊಂದೇ ಬೆರಳು ಒರಸಿಕೊಂಡರು. "ಲೋಕೇಶನನ್ನು ರಸ್ತೆಗೆ ಹಾಕಿದ್ದಕ್ಕಾ?"

"ಹೌದು."

"ಅದಕ್ಕೆ ನಾನು ಅವತ್ತು ನಿನ್ನ ಹತ್ತಿರ ತಪ್ಪಾಯ್ತು ಹೇಳ್ಬೇಕು ಅಂತ ಇದ್ದೆ. ಬಸ್ಸಲ್ಲಿ ಬರುವಾಗ ಅಲ್ಲ — ನಿನ್ನನ್ನು ಅಲ್ಲಿ ನೋಡಿದ ಮೇಲೆ. ನೀನು ಕನ್ನಡದಲ್ಲಿ ಮಾತಾಡಿದಿ. ನನ್ನ ಬಾಯಿ ಕಟ್ಟಿಹೋಯ್ತು." ಒದ್ದೆಯಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇನ್ನು ಹೇಳುವುದಿಲ್ಲ. ನೀನೂ ನನ್ನ ಹತ್ತಿರ ಕ್ಷಮೆ ಕೇಳ್ಬೇಡ. ನನಗೆ ಮಾಡಿದ್ದು ಇರ್ಲಿ, ನಾವಿಬ್ಬರು ಸಮ ಅಂತ ಬೇಕಾದ್ರೆ ಲೆಕ್ಕ ಹಾಕು. ಆ ಶಾಂತಿ ನಿನಗೆ ಎಂತ ಮಾಡಿದ್ದಳು? ಅವಳ ಮಗು ಎಂತ ಮಾಡಿತ್ತು? ಅವಳಿಗೆ ಆ ಸುಳ್ಳನ್ನು ನನ್ನ ಬಾಯಿಂದ ಹೇಳಿಸಿದಿಯಲ್ಲ."

 

ಮದುವೆ ಮುಗಿದ ಮರುದಿನ ಶಾಂತಿಯನ್ನು ಕರೆದುಕೊಂಡು ಲವೀನಾ ಮೇಡಂ ಹತ್ತಿರ ಹೋದೆ. ಅವಳ ವಿಷಯ ಮುಗಿದ ಮೇಲೆ ನನ್ನದನ್ನು ಹೇಳಿದೆ. ಮೇಡಂ ಪೂರ್ತಿ ಕೇಳಿದರು. ಕೊನೆಗೆ, "ಹೀಗೆ ಎಷ್ಟು ಜನರಿಗೆ ಹೇಳಿದ್ದಿ?" ಎಂದರು.

"ಅವರೊಬ್ಬರಿಗೆ ಮಾತ್ರ ಮೇಡಂ."

"ಅದನ್ನು ನಾನು ಹೇಗೆ ನಂಬುವುದು?"

ಕುತ್ತಿಗೆಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಡ್ರಾವರಿಗೆ ಹಾಕಿದರು. ಅಷ್ಟು ವರ್ಷ ನನ್ನನ್ನು ಹೆಸರು ಹಿಡಿದು ಕರೆದವರು ಆ ದಿನ, "ನೀವು ಇನ್ನು ಹೋಗಬಹುದು" ಎಂದರು.

ಮನೆಗೆ ಬಂದು ಇವರಿಗೂ ಹೇಳಿದೆ. ವಾರಿಜಕ್ಕನಿಗೆ ಎಲ್ಲ ಹೇಳಿಬಿಟ್ಟೆ ಎಂದೆ. ಇವರು ಹೆಣೆಯುತ್ತಿದ್ದ ಕುರ್ಚಿಯನ್ನು ಬದಿಗೆ ಸರಿಸಿದರು. ಆಮೇಲೆ, "ನಮ್ಮ ಹತ್ತಿರ ಇದ್ದದ್ದು ಅದೊಂದೇ. ಅದನ್ನೂ ಕೊಟ್ಟು ಬಂದಿಯಾ?" ಎಂದರು. ಇವರು ಹೇಳಿದ್ದು ತಪ್ಪೆಂದು ನಾನು ಹೇಳಲಾರೆ. ಆ ರಸ್ತೆಯಲ್ಲಿ ಮಲಗಿದ್ದವರು ಇವರು, ನಾನಲ್ಲ. ಈಗ ಆ ಕಥೆಯನ್ನು ಹೇಳು ಎಂದು ಇವರು ಕೇಳುವುದಿಲ್ಲ. ಬೇರೆ ಮಾತೂ ಕಡಿಮೆಯಾಗಿದೆ.

ಶಾಂತಿಗೆ ಅದೇ ರೂಮು ಸಿಗಲಿಲ್ಲ, ಬೇರೆಯವರು ಬಂದಾಗಿತ್ತು. ಅವಳು ಕೊಟ್ಟಿದ್ದ ಅಡ್ವಾನ್ಸನ್ನು ಮೇಡಂ ವಾಪಸು ಕೊಡಿಸಿದರು. ಅದರಲ್ಲಿ ಇನ್ನೊಂದು ರೂಮು ಹಿಡಿದು ಮಗುವನ್ನು ಕರೆತಂದಳು. ವಾರಿಜಕ್ಕನೂ ಮೇಡಂ ಹತ್ತಿರ ಹೋದರಂತೆ. ಉಜಿರೆಯ ಧಣಿ ಬಾಕಿಗೆಂದು ಹಿಡಿದಿಟ್ಟುಕೊಂಡಿದ್ದ ಅವರ ಪಾತ್ರೆಗಳ ಬಗ್ಗೆ ಮಾತುಕತೆ ನಡೆಯುತ್ತಿದೆ. ಮೆಸ್ ಮಾತ್ರ ಹೋದದ್ದು ಹೋಯಿತು. ಆ ಹುಡುಗಿಯರೆಲ್ಲ ಈಗ ಓದು ಮುಗಿಸಿ ಎಲ್ಲೆಲ್ಲೋ ಇರಬಹುದು.

ನಾನು ಮತ್ತೆ ಬೀಡಿ ಕಟ್ಟುತ್ತೇನೆ. ಹಿಂದಿನ ಪರಿಚಯದಿಂದ ಈಗಲೂ ಹೆಂಗಸರು ಮನೆಗೆ ಬಂದು ಕೇಳುತ್ತಾರೆ. ನಾನು ಯಾರಿಗೂ ಸಲಹೆ ಹೇಳುವುದಿಲ್ಲ. ಕರೆದುಕೊಂಡು ಹೋಗಿ ಮೇಡಂ ಕೋಣೆಯ ಹೊರಗೆ ಕೂರಿಸಿ ಬರುತ್ತೇನೆ, ಅಷ್ಟೇ.

ಮೊನ್ನೆ ಹಾಗೆಯೇ ಒಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಬೆಂಚಿನ ತುದಿಯಲ್ಲಿ ವಾರಿಜಕ್ಕ ತಮ್ಮ ಸರದಿಗೆ ಕಾಯುತ್ತಾ ಕುಳಿತಿದ್ದರು. ನನ್ನನ್ನು ನೋಡಿದರು, ಮುಖ ಆಚೆ ಮಾಡಲಿಲ್ಲ. ಅವರನ್ನು ಅಲ್ಲಿ ಕಂಡಾಗ ನನ್ನೊಳಗೆ ಹಳೆಯ ಸಿಟ್ಟಿನ ಒಂದು ಎಳೆ ಎದ್ದಿತು; ಅದರ ಜತೆಗೇ ತಲೆ ಎತ್ತಲಾಗದಷ್ಟು ನಾಚಿಕೆಯೂ. ಎರಡರಲ್ಲಿ ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ನನ್ನ ಜತೆಗೆ ಬಂದವಳಿಗೆ ಹೆದರಿಕೆ. ನನ್ನ ಕೈ ಹಿಡಿದುಕೊಂಡು, "ಅಕ್ಕ, ನೀವೇ ಹೇಳಿ, ನಾನು ಎಂತ ಮಾಡುವುದು?" ಎಂದು ಕೇಳಿದಳು.

ವಾರಿಜಕ್ಕ ಬೆಂಚಿನಿಂದಲೇ ಅವಳಿಗೆ ಹೇಳಿದರು: "ಇವಳ ಹತ್ತಿರ ಕೇಳ್ಬೇಡ ಮಗಳೇ. ಮೇಡಂ ಒಳಗೆ ಇದ್ದಾರೆ, ಅವರ ಹತ್ತಿರವೇ ಕೇಳು. ನನ್ನ ಸರದಿಯಲ್ಲಿ ನೀನು ಹೋಗು."

ಆ ಹೆಂಗಸು ಗಲಿಬಿಲಿಯಿಂದ ನನ್ನ ಮುಖ ನೋಡಿದಳು. ಅವರು ಹೇಳಿದ್ದು ಸರಿ ಎಂದೆ. ಅವಳ ಕೈಯನ್ನು ನನ್ನ ಕೈಯಿಂದ ಬಿಡಿಸಿ, ಪರದೆ ಸರಿಸಿ, ಒಳಗೆ ಕಳುಹಿಸಿದೆ.